ಬೆಂಗಳೂರು ಎಫ್‌ಸಿ ಯಾರ ತಂಡ? ವಲಸಿಗರ ನಗರದಲ್ಲಿ ಅಭಿಮಾನ ಹುಟ್ಟೋದು ಹೇಗೆ?

2023ರ ಮಾರ್ಚ್ ತಿಂಗಳ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಸಿಕ್ಕ ಫ್ರೀ ಕಿಕ್ಕನ್ನು ಎದುರಾಳಿಗಳು ಗೋಡೆ ಕಟ್ಟಿ ನಿಲ್ಲೋ ಮೊದಲೇ ಸುನಿಲ್ ಛೆಟ್ರಿ ಗೋಲಿಗೆ ಸೇರಿಸಿದರು. ರೆಫ್ರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ತಮ್ಮ ಆಟಗಾರರನ್ನು ಕರೆದುಕೊಂಡು ಮೈದಾನದಿಂದ ಹೊರನಡೆದರು. ಆಮೇಲೆ ವಾರಗಟ್ಟಲೆ ಚರ್ಚೆ, ಟ್ರೋಲ್, ಮೀಮ್, ಕೊನೆಗೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ.

ಮರುದಿನ ಮಾರ್ಚ್ 4. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಕಪ್ ಗೆದ್ದಿತು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿತ್ತು.

ಎರಡರಲ್ಲಿ ಯಾವುದು ನಿಮಗೆ ನೆನಪಿದೆ? ಹತ್ತರಲ್ಲಿ ಒಂಬತ್ತು ಜನರಿಗೆ ಛೆಟ್ರಿಯ ಫ್ರೀ ಕಿಕ್ಕೇ ನೆನಪಿರುತ್ತೆ. ಅದರಲ್ಲಿ ತಪ್ಪೇನೂ ಇಲ್ಲ, ಟಿವಿಯಲ್ಲಿ ಬಂದಿದ್ದು ಅದೇ. ಆದರೆ ಈ ಎರಡು ದಿನಗಳು ಒಂದು ಪ್ರಶ್ನೆಯನ್ನಂತೂ ಎತ್ತುತ್ತವೆ. ಬೆಂಗಳೂರಿನಲ್ಲಿ ಫುಟ್ಬಾಲ್ 'ನಮ್ಮದು' ಅನ್ನಿಸಬೇಕಾದರೆ ಏನು ಬೇಕು? ಹೆಸರಲ್ಲಿ ಊರು ಇದ್ದರೆ ಸಾಕಾ? ಜರ್ಸಿ ಮೇಲೆ ರಾಜ್ಯ ಇದ್ದರೆ ಸಾಕಾ? ರಿಯಾದ್ ಫೈನಲ್‌ನಲ್ಲಿ ನಮಗೆ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್. ತರಬೇತುದಾರ ಕೇರಳ ಮೂಲದ ಬಿಬಿ ಥಾಮಸ್. ಹೆಸರು ನೋಡಿ ಊರು ಅಳೆಯೋದು ಸರಿಯಲ್ಲ. ಆದರೆ ಕರ್ನಾಟಕದ ಜರ್ಸಿಯೊಳಗೂ ಒಂದೇ ಬಗೆಯ ಹೆಸರುಗಳಿಲ್ಲ ಅನ್ನೋದು ಗೊತ್ತಿರಲಿ.

ಎರಡು ಸುಲಭದ ಉತ್ತರಗಳು

ಬೆಂಗಳೂರಿನ ಫುಟ್ಬಾಲ್ ಬಗ್ಗೆ ಮಾತು ಶುರುವಾದರೆ ಎರಡು ವಾದಗಳು ತಪ್ಪದೆ ಬರ್ತವೆ.

ಮೊದಲನೆಯದು, 'ಇದು ವಲಸಿಗರ ನಗರ, ಇಲ್ಲಿ ಲೋಕಲ್ ತಂಡಕ್ಕೆ ನಿಷ್ಠೆ ಹುಟ್ಟೋದೇ ಇಲ್ಲ' ಅನ್ನೋದು. ಬ್ಲಾಸ್ಟರ್ಸ್ ಬಂದ ದಿನ ಕಂಠೀರವದ ಒಂದು ಭಾಗ ಪೂರ್ತಿ ಹಳದಿ ಆಗುತ್ತೆ. ಅಲ್ಲಿರೋರಲ್ಲಿ ಎಲ್ಲರೂ ಕೊಚ್ಚಿಯಿಂದ ಬಸ್ ಹತ್ತಿ ಬಂದವರಲ್ಲ. ಬಹಳ ಜನ ಇದೇ ಊರಿನ ಪಿಜಿಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ಇರೋರು. ಇನ್ನೊಂದು ಕಡೆ, ಶನಿವಾರ ರಾತ್ರಿ ಪಬ್ಬಿನಲ್ಲಿ ಕೂತು ಆರ್ಸೆನಲ್‌ಗೋ ಲಿವರ್‌ಪೂಲ್‌ಗೋ ಗಂಟಲು ಹರಿದುಕೊಳ್ಳೋ ಹುಡುಗರು ಮೂರು ಕಿಲೋಮೀಟರ್ ದೂರದ ಕಂಠೀರವಕ್ಕೆ ಕಾಲಿಟ್ಟಿರಲ್ಲ.

ಎರಡನೆಯ ವಾದ ಇದರ ತಿರುಗುಮುರುಗು. 'ಅದು ಹೊರಗಿನವರ ತಂಡ ಬಿಡ್ರೀ. ಮಾಲೀಕರು ಜಿಂದಾಲ್, ಕ್ಯಾಪ್ಟನ್ ಛೆಟ್ರಿ, ಗ್ಯಾಲರಿಯಲ್ಲಿ ಇಂಗ್ಲಿಷ್. ಕನ್ನಡಿಗರಿಗೂ ಅದಕ್ಕೂ ಏನು ಸಂಬಂಧ?'

ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧ. ಆದರೆ ಎರಡರ ಬುಡದಲ್ಲಿರೋ ನಂಬಿಕೆ ಒಂದೇ: ಅಭಿಮಾನ ಅನ್ನೋದು ಹುಟ್ಟಿನ ಜೊತೆಗೆ ಬರುತ್ತೆ, ಎಲ್ಲಿ ಹುಟ್ಟಿದೆಯೋ ಅಲ್ಲಿನ ತಂಡವೇ ನಿನ್ನದು. ಈ ನಂಬಿಕೆ ನಿಜವಾಗಿದ್ದರೆ ಬೆಂಗಳೂರಿನ ಕಥೆ ಇಲ್ಲಿಗೇ ಮುಗೀತು. 2001ರಲ್ಲಿ ಸುಮಾರು 65 ಲಕ್ಷ ಇದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96 ಲಕ್ಷ ಆಗಿತ್ತು. ಅದೇ ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಆ ಅರ್ಧದಲ್ಲೂ ರಾಯಚೂರು, ಕಲಬುರಗಿ, ಮಂಡ್ಯ, ಹಾಸನದಿಂದ ಬಂದವರು ಎಷ್ಟೋ. ಕಟ್ಟಡ ಕೆಲಸಕ್ಕೆ ಯಾದಗಿರಿಯಿಂದ ಬಂದ ಕುಟುಂಬವೂ ಈ ಊರಿಗೆ ವಲಸೆ ಬಂದದ್ದೇ. ಹುಟ್ಟೇ ಮಾನದಂಡ ಅಂದರೆ ಈ ನಗರಕ್ಕೆ ತಂಡವೇ ಇರಬಾರದು.

ಅದೃಷ್ಟಕ್ಕೆ ಆ ನಂಬಿಕೆ ತಪ್ಪು ಅನ್ನೋದಕ್ಕೆ ದೊಡ್ಡ ಸಾಕ್ಷಿ ನಮ್ಮ ದೇಶದಲ್ಲೇ ಇದೆ.

ವಲಸಿಗರೇ ಕಟ್ಟಿದ ಕ್ಲಬ್

ಭಾರತದಲ್ಲಿ ಅತ್ಯಂತ ಗಟ್ಟಿ ಅಭಿಮಾನಿ ಬಳಗ ಇರೋ ಕ್ಲಬ್ಬುಗಳಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಒಂದು. ಹೆಸರನ್ನೇ ಗಮನಿಸಿ. ಬೇರೆ ಕಡೆಯಿಂದ ಬಂದವರ ಕ್ಲಬ್ ಅದು. 1920ರಲ್ಲಿ ಶುರುವಾಗಿದ್ದು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ಜನ ಎಲ್ಲವನ್ನೂ ಬಿಟ್ಟು ಕೋಲ್ಕತ್ತಾಗೆ ಬಂದರು. ಆ ಊರಿನಲ್ಲಿ ಅವರಿಗೆ ಮನೆ ಇರಲಿಲ್ಲ, ಕೆಲಸ ಇರಲಿಲ್ಲ, ಮಾತಾಡೋ ಧಾಟಿಗೆ ಗೇಲಿ ಸಿಗ್ತಿತ್ತು. ಕೆಂಪು-ಹೊನ್ನಿನ ಜರ್ಸಿ ಅವರಿಗೆ ಈ ಊರಿನಲ್ಲಿ ನಿಲ್ಲೋಕೆ ಒಂದು ಜಾಗ ಕೊಡ್ತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಆ ನಿರಾಶ್ರಿತರು ತಲೆ ಮೇಲೆ ಹೊತ್ತು ಮೆರೆಸಿದ ಐವರು ಫಾರ್ವರ್ಡ್‌ಗಳನ್ನು 'ಪಂಚ ಪಾಂಡವರು' ಅಂತ ಕರೀತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣ ಭಾರತದವರು. ಅದರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಒಬ್ಬನೇ ಒಬ್ಬ ಬಂಗಾಳಿ ಇಲ್ಲದ ದಾಳಿಪಡೆಯನ್ನು ಪೂರ್ವ ಬಂಗಾಳದ ಜನ ತಮ್ಮ ಅಸ್ಮಿತೆಯ ಗುರುತು ಅಂತ ಒಪ್ಪಿಕೊಂಡರು. ಆಟಗಾರ ಎಲ್ಲಿಂದ ಬಂದ ಅನ್ನೋದಕ್ಕಿಂತ, ಯಾರಿಗಾಗಿ ಆಡ್ತಿದ್ದಾನೆ ಅನ್ನೋದು ಅವರಿಗೆ ಮುಖ್ಯ ಆಗಿತ್ತು.

ಇಂಥ ಬಳಗ ಬರೀ 90 ನಿಮಿಷಕ್ಕೆ ಸೀಮಿತ ಆಗಿರಲ್ಲ. 2024ರ ಆಗಸ್ಟ್‌ನಲ್ಲಿ ಆರ್‌ಜಿ ಕರ್ ಆಸ್ಪತ್ರೆಯ ಯುವ ವೈದ್ಯೆಯ ಅತ್ಯಾಚಾರ-ಕೊಲೆ ವಿರುದ್ಧ ಕೋಲ್ಕತ್ತಾ ಬೀದಿಗಿಳಿದಾಗ ಡುರಾಂಡ್ ಕಪ್‌ನ ಡರ್ಬಿ ಪಂದ್ಯ ರದ್ದಾಯಿತು. ಪಂದ್ಯ ಇಲ್ಲದಿದ್ದರೂ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮಡನ್ ಅಭಿಮಾನಿಗಳು ಒಟ್ಟಿಗೇ ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಸೇರಿ ನ್ಯಾಯ ಕೇಳಿದರು. ನೂರು ವರ್ಷದ ವೈರಿಗಳು ಒಂದು ಸಂಜೆ ಒಂದಾದರು. ಪಕ್ಷ, ಜಾತಿ ಸಂಘ, ಯೂನಿಯನ್ ಯಾವುದೂ ಅಲ್ಲದ ಒಂದು ಬಳಗ ಊರಿನ ವಿಚಾರಕ್ಕೆ ಹೀಗೆ ಮಾತಾಡಬಲ್ಲದು ಅನ್ನೋದು ರಾಜಕೀಯದಲ್ಲಿ ಆಸಕ್ತಿ ಇರೋ ನಮ್ಮಂಥವರು ಗಮನಿಸಬೇಕಾದ ವಿಷಯ.

ಪೇಟೆ, ದಂಡು ಮತ್ತು ಚೆಂಡು

ಹಾಗಾದರೆ ಬೆಂಗಳೂರು? ಇಲ್ಲಿ ಫುಟ್ಬಾಲ್ 2013ರಲ್ಲಿ ಹುಟ್ಟಿದ್ದು ಅಂದುಕೊಂಡವರು ಬಹಳ ಇದ್ದಾರೆ. ಬ್ರಿಟಿಷ್ ಸೇನೆಯ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬ್ಯಾಂಗಲೋರ್ ಮುಸ್ಲಿಮ್ಸ್. ಅದು 1937. ಮುಂದಿನ ವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಈ ಆಟ ಬೆಳೆದದ್ದು ಎಲ್ಲಿ? ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ, ಹಲಸೂರಿನ ಗೌತಮಪುರ. ಅಂದರೆ ದಂಡಿನ ಕಡೆ, ಕಂಟೋನ್ಮೆಂಟ್. ಸೇನೆಯ ಬೆನ್ನಿಗೆ ಬಂದ ತಮಿಳು ಕಾರ್ಮಿಕರು, ಉರ್ದು ಮಾತಾಡೋ ವ್ಯಾಪಾರಿಗಳು, ಆಂಗ್ಲೋ ಇಂಡಿಯನ್ನರು, ದಲಿತ ಮತ್ತು ಕ್ರೈಸ್ತ ಕುಟುಂಬಗಳ ಕೇರಿಗಳಲ್ಲಿ. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಬೆಂಗಳೂರಿನ ಫುಟ್ಬಾಲ್ ಅಂದರೆ ಮೊದಲಿನಿಂದಲೂ 'ಹೊರಗಿನಿಂದ ಬಂದವರು' ಆಡಿದ ಆಟ. ಹಾಗೆ ಬಂದವರ ಮೊಮ್ಮಕ್ಕಳು ಇವತ್ತು ಪಕ್ಕಾ ಬೆಂಗಳೂರಿಗರು.

1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆ ಆಯಿತು. ಮನಸ್ಸುಗಳು ಸೇರೋಕೆ ಇನ್ನೂ ಬಹಳ ಕಾಲ ಬೇಕಾಯಿತು. ಎರಡರ ನಡುವಿನ ಗಡಿಯಂತಿದ್ದ ಕಬ್ಬನ್ ಪಾರ್ಕಿನ ಅಂಚಿನಲ್ಲೇ ಕಂಠೀರವ ಕ್ರೀಡಾಂಗಣ ಇರೋದು ಒಳ್ಳೆಯ ಕಾಕತಾಳೀಯ.

ಆಮೇಲಿನ ದಶಕಗಳಲ್ಲಿ ಊರಿನ ಫುಟ್ಬಾಲನ್ನು ಹೊತ್ತು ನಡೆಸಿದ್ದು ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಮತ್ತು ಎಂಇಜಿ, ಎಎಸ್‌ಸಿಯಂಥ ಸೇನಾ ತಂಡಗಳು. ಹುಡುಗ ಚೆನ್ನಾಗಿ ಆಡಿದರೆ ಕೆಲಸ ಸಿಗ್ತಿತ್ತು, ಕೇರಿಗೆ ಒಂದು ಹೆಮ್ಮೆ ಇರ್ತಿತ್ತು. ಕ್ರೀಡಾ ಕೋಟಾ ಸೊರಗಿತು, ಉದ್ದಿಮೆಗಳೂ ಸೊರಗಿದವು. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. ಊರು ಗಮನಿಸಲೂ ಇಲ್ಲ.

2012ರ ರೈಲು, 2013ರ ಗ್ಯಾಲರಿ

ಅದೇ 2012ರ ಆಗಸ್ಟ್‌ನಲ್ಲಿ ಊರು ಗಮನಿಸಿದ್ದು ಬೇರೆಯದನ್ನು. ವದಂತಿಯ ಎಸ್‌ಎಂಎಸ್‌ಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ನಾಲ್ಕೈದು ದಿನಗಳಲ್ಲಿ ಬೆಂಗಳೂರು ಬಿಟ್ಟು ಹೊರಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ವರ್ಷಗಟ್ಟಲೆ ಇಲ್ಲಿ ದುಡಿದವರಿಗೆ 'ಈ ಊರು ನಮ್ಮನ್ನು ಕಾಪಾಡುತ್ತೆ' ಅನ್ನೋ ಭರವಸೆ ಒಂದು ಮೆಸೇಜಿಗೆ ಕುಸಿದುಬಿತ್ತು.

ಇದಾದ ಒಂದು ವರ್ಷಕ್ಕೆ, 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಗುಂಪು ಬೆಂಗಳೂರು ಎಫ್‌ಸಿಯನ್ನು ಶುರು ಮಾಡಿತು. ಅಶೋಕನಗರದ ಬೆಂಗಳೂರು ಫುಟ್ಬಾಲ್ ಕ್ರೀಡಾಂಗಣವೇ ಮೊದಲ ಮನೆ. ಸುಮಾರು ಎಂಟು ಸಾವಿರ ಜನ ಹಿಡಿಸೋ ಚಿಕ್ಕ ಜಾಗ, ಆಟಗಾರನ ಉಸಿರು ಕೇಳಿಸೋಷ್ಟು ಹತ್ತಿರ. ಅಲ್ಲಿನ ಪಶ್ಚಿಮ ಬದಿಯ ಗ್ಯಾಲರಿಯಲ್ಲಿ ಒಟ್ಟಿಗೆ ನಿಲ್ತಿದ್ದ ಒಂದಷ್ಟು ಜನ ತಮ್ಮನ್ನು ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಕರೆದುಕೊಂಡರು. ಊರಿನ ಹೆಸರಲ್ಲ, ಭಾಷೆಯ ಹೆಸರಲ್ಲ, ಒಂದು ಗ್ಯಾಲರಿಯ ಹೆಸರು. ಅವರನ್ನು ಸೇರಿಸಿದ್ದು ತಾವು ನಿಲ್ಲೋ ಜಾಗ.

ಮೊದಲ ಸೀಸನ್ನಿನಲ್ಲೇ ತಂಡ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ, ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಈ ವರ್ಷಗಳಲ್ಲಿ ಗ್ಯಾಲರಿ ಯಾರ ಹೆಸರು ಕೂಗ್ತಿತ್ತು ನೋಡಿ. ಮಣಿಪುರದ ಥೋಯ್ ಸಿಂಗ್, ಉದಾಂತ ಸಿಂಗ್. ಶಿಲ್ಲಾಂಗ್‌ನ ಯೂಜೀನ್‌ಸನ್ ಲಿಂಗ್ಡೋ. ಸಿಕಂದರಾಬಾದ್‌ನಲ್ಲಿ ನೇಪಾಳಿ ಮೂಲದ ಸೈನಿಕನ ಮನೆಯಲ್ಲಿ ಹುಟ್ಟಿ, ಊರೂರು ಸುತ್ತಿ ಬೆಳೆದ ಛೆಟ್ರಿ. ಬೀದಿಯಲ್ಲಿ ಯಾರನ್ನು ಮುಖ ನೋಡಿ 'ನೀನು ಎಲ್ಲಿಯವನು' ಅಂತ ಕೇಳಲಾಗ್ತಿತ್ತೋ, ಅಂಥವರ ಹೆಸರನ್ನೇ ಗ್ಯಾಲರಿಯಲ್ಲಿ 'ನಮ್ಮವನು' ಅಂತ ಕೂಗಲಾಯಿತು. ಒಂದು ಫುಟ್ಬಾಲ್ ಕ್ಲಬ್ ಜನಾಂಗೀಯ ತಾರತಮ್ಯವನ್ನು ಅಳಿಸಿತು ಅಂತ ನಾನು ಹೇಳ್ತಿಲ್ಲ. ಸರ್ಕಾರದ ಯಾವ ಜಾಹೀರಾತೂ ಮಾಡದ ಒಂದು ಸಣ್ಣ ಕೆಲಸ ಅಲ್ಲಿ ಆಯಿತು ಅಂತಷ್ಟೇ.

ಅಭಿಮಾನಕ್ಕೆ ಬೇಕಿರೋದು ರೂಢಿ

ಇಷ್ಟರಿಂದ ನನಗೆ ಕಾಣೋದು ಇದು. ವಲಸಿಗರ ನಗರದಲ್ಲಿ ಅಭಿಮಾನ ರೂಢಿಯಿಂದ ಹುಟ್ಟುತ್ತೆ. ಅದೇ ಜಾಗಕ್ಕೆ, ಅದೇ ಜನರ ಪಕ್ಕಕ್ಕೆ, ಹದಿನೈದು ದಿನಕ್ಕೊಮ್ಮೆ ಮತ್ತೆ ಮತ್ತೆ ಹೋಗೋದು. ಮೊದಲ ಸಲ ಗೆಳೆಯ ಎಳೆದುಕೊಂಡು ಹೋಗ್ತಾನೆ. ಮೂರನೇ ಸಲ ಪಕ್ಕದಲ್ಲಿ ನಿಲ್ಲೋನ ಹೆಸರು ಗೊತ್ತಾಗುತ್ತೆ. ಹತ್ತನೇ ಸಲಕ್ಕೆ ನೀನು ಬರದಿದ್ದರೆ ಯಾರಾದರೂ 'ಎಲ್ಲಿ ಮಗಾ?' ಅಂತ ಮೆಸೇಜ್ ಹಾಕ್ತಾರೆ. ಅಷ್ಟೇ, ಸಿಕ್ಕಿಹಾಕಿಕೊಂಡೆ. ಹೊಸ ಊರಿಗೆ ಬಂದವನಿಗೆ ಆಫೀಸು, ರೂಮು ಬಿಟ್ಟು ಮೂರನೇ ಒಂದು ಜಾಗ ಸಿಗೋದೇ ಕಷ್ಟ. ಆ ಹಸಿವು ಇಲ್ಲಿ ಹುಟ್ಟಿ ಬೆಳೆದವನಿಗಿಂತ ವಲಸಿಗನಲ್ಲೇ ಹೆಚ್ಚು. ಹಾಗಾಗಿ ವಲಸಿಗರ ನಗರ ಅನ್ನೋದು ಕ್ಲಬ್ಬಿಗೆ ಶಾಪ ಅಲ್ಲ, ಬಳಸಿಕೊಂಡರೆ ಬಂಡವಾಳ.

ಹಳದಿ ಜರ್ಸಿಯ ಮಲಯಾಳಿ ಗೆಳೆಯನನ್ನೂ ಹೀಗೇ ನೋಡಬೇಕು. ಅವನಿಗೆ ಬ್ಲಾಸ್ಟರ್ಸ್ ಅಂದರೆ ಮನೆಗೆ ಮಾಡೋ ಫೋನ್ ಕಾಲ್ ಇದ್ದ ಹಾಗೆ. ಅದನ್ನು ಬಿಡು ಅಂತ ಕೇಳೋಕೆ ಯಾರಿಗೂ ಹಕ್ಕಿಲ್ಲ. ವರ್ಷಕ್ಕೊಂದು ದಿನ ಅವನು ಎದುರು ಬದಿಯಲ್ಲಿ ಕೂರಲಿ. ಉಳಿದ ಪಂದ್ಯಗಳಿಗೆ ಅವನನ್ನು ಕರೆಯೋಕೆ ಕ್ಲಬ್ ಏನು ಮಾಡ್ತಿದೆ ಅನ್ನೋದು ಕೇಳಬೇಕಾದ ಪ್ರಶ್ನೆ. ಅವನ ಮಗಳು ಇಲ್ಲೇ ಶಾಲೆಗೆ ಹೋಗ್ತಾಳೆ. ಅವಳ ತಂಡ ಯಾವುದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

'ಆರ್‌ಸಿಬಿಗೆ ಇಡೀ ಊರೇ ಹುಚ್ಚಾಗಿಲ್ವಾ?' ಅಂತ ನೀವು ಕೇಳಬಹುದು. ನಿಜ. ದೆಹಲಿಯ ಕೊಹ್ಲಿಯನ್ನು ಈ ಊರು ಮನೆಮಗ ಮಾಡಿಕೊಂಡಿದೆ, ಹುಟ್ಟು ಮುಖ್ಯ ಅಲ್ಲ ಅನ್ನೋದಕ್ಕೆ ಅದೂ ಸಾಕ್ಷಿಯೇ. ಆದರೆ ಆ ಅಭಿಮಾನ ಬಹುಪಾಲು ಮೊಬೈಲ್ ಪರದೆಯಲ್ಲಿ ಬೆಳೆದದ್ದು. ಲಕ್ಷಾಂತರ ಜನರಿಗೆ ತಂಡದ ಜೊತೆ ಸಂಬಂಧ ಇದೆ, ಪರಸ್ಪರ ಸಂಬಂಧ ಇಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ತಯಾರಿ ಇಲ್ಲದೆ ಸಂಭ್ರಮ ಏರ್ಪಡಿಸಿದವರು, ಅನುಮತಿ-ಭದ್ರತೆ ನೋಡಿಕೊಳ್ಳಬೇಕಾದವರು ಅದಕ್ಕೆ ಉತ್ತರ ಕೊಡಬೇಕು. ಅಭಿಮಾನಿಗಳನ್ನು ದೂರೋದು ಅನ್ಯಾಯ. ಆದರೆ ಅಷ್ಟು ದೊಡ್ಡ ಬಳಗದ ಪರವಾಗಿ ತಂಡದ ಜೊತೆ, ಪೊಲೀಸರ ಜೊತೆ ಮೊದಲೇ ಕೂತು ಮಾತಾಡೋ ಸ್ಥಾನ ಯಾವ ಅಭಿಮಾನಿ ಸಂಘಕ್ಕೂ ಇರಲಿಲ್ಲ. ಆ ದಿನ ಅವರು ಬರೀ ಜನಸಂದಣಿ ಆಗಿದ್ದರು. ಗ್ಯಾಲರಿಯಲ್ಲಿ ಬೆಳೆದ ಅಭಿಮಾನಕ್ಕೂ ಪರದೆಯಲ್ಲಿ ಬೆಳೆದ ಅಭಿಮಾನಕ್ಕೂ ಇರೋ ವ್ಯತ್ಯಾಸ ಇದು.

ರೂಢಿ ಮುರಿದದ್ದು ಯಾರು?

ರೂಢಿಯೇ ಎಲ್ಲ ಅಂದಮೇಲೆ, ಅದನ್ನು ಮುರಿದರೆ ಏನಾಗುತ್ತೆ ಅಂತ ಊಹಿಸಬಹುದು. ಕೋವಿಡ್ ಕಾರಣಕ್ಕೆ 2020-21 ಮತ್ತು 2021-22ರ ಎರಡೂ ಐಎಸ್‌ಎಲ್ ಸೀಸನ್‌ಗಳು ಪೂರ್ತಿ ಗೋವಾದಲ್ಲೇ ನಡೆದವು. ಎರಡು ವರ್ಷ ಕಂಠೀರವದಲ್ಲಿ ಲೀಗ್ ಪಂದ್ಯವೇ ಇಲ್ಲ. ಕಾಲೇಜು ಮುಗಿಸಿ ಬಂದವರು, ವರ್ಕ್ ಫ್ರಂ ಹೋಮ್ ಅಂತ ಊರಿಗೆ ಹೋದವರು, ಮದುವೆ ಆಗಿ ಸರ್ಜಾಪುರದ ಆಚೆ ಮನೆ ಮಾಡಿದವರು. ಎರಡು ವರ್ಷದ ಖಾಲಿ ಜಾಗದಲ್ಲಿ ಬಳಗ ಕರಗೋದು ಸಹಜ. ತಲೆಮಾರುಗಳಿಂದ ಬೇರು ಬಿಟ್ಟ ಕೋಲ್ಕತ್ತಾಗೆ ಇಂಥ ವಿರಾಮವನ್ನು ತಡೆಯೋ ಶಕ್ತಿ ಇದೆ. ಹತ್ತು ವರ್ಷದ ಬೆಂಗಳೂರಿಗೆ ಇರಲಿಲ್ಲ.

ಅದಾದರೂ ಮಹಾಮಾರಿಯ ಕಾಲ. 2025ರಲ್ಲಿ ಆಗಿದ್ದು ಮನುಷ್ಯರೇ ಮಾಡಿದ್ದು. ಫುಟ್ಬಾಲ್ ಫೆಡರೇಷನ್ ಮತ್ತು ಐಎಸ್‌ಎಲ್ ನಡೆಸೋ ಎಫ್‌ಎಸ್‌ಡಿಎಲ್ ನಡುವಿನ 15 ವರ್ಷಗಳ ಒಪ್ಪಂದ ಡಿಸೆಂಬರ್‌ಗೆ ಮುಗಿಯೋದಿತ್ತು. ನವೀಕರಣ ಆಗಲಿಲ್ಲ, ಜುಲೈನಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿತು. ಹಕ್ಕುಗಳಿಗೆ ಕರೆದ ಟೆಂಡರ್‌ಗೆ ಒಂದೇ ಒಂದು ಬಿಡ್ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರೇ ಮುಂದೆ ನಿಂತು ಲೀಗ್ ನಡೆಯುತ್ತೆ ಅಂತ ಘೋಷಿಸಬೇಕಾಯಿತು. ಅದೂ ತಂಡಗಳು ಪರಸ್ಪರ ಒಂದೇ ಸಲ ಎದುರಾಗೋ ಮೊಟಕು ಮಾದರಿಯಲ್ಲಿ. ಅಂದರೆ ತವರಿನ ಪಂದ್ಯಗಳು ಅರ್ಧಕ್ಕೆ ಇಳಿದವು.

ಗಮನಿಸಿ, ಈ ಎಲ್ಲ ತಿಂಗಳುಗಳಲ್ಲಿ ನಿರ್ಧಾರ ತೆಗೆದುಕೊಳ್ಳೋ ಯಾವ ಕೊಠಡಿಯಲ್ಲೂ ಅಭಿಮಾನಿಗೆ ಕುರ್ಚಿ ಇರಲಿಲ್ಲ. ತಂಡದ ಹೆಸರಲ್ಲಿ ಊರಿದೆ, ತಂಡ ಮಾತ್ರ ಕಂಪನಿಯದ್ದು. ಜೆಎಸ್‌ಡಬ್ಲ್ಯು ಇಷ್ಟು ವರ್ಷ ಹಣ ಸುರಿದು ನಡೆಸಿದೆ, ಬಳ್ಳಾರಿಯ ವಿಜಯನಗರದಲ್ಲಿ ವಸತಿ ಅಕಾಡೆಮಿ ಕಟ್ಟಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಲೆಕ್ಕ ಸರಿಹೋಗದ ದಿನ ಕಂಪನಿ ಎದ್ದು ಹೋದರೆ, ಗ್ಯಾಲರಿಯಲ್ಲಿ ಹತ್ತು ವರ್ಷ ನಿಂತವನ ಕೈಯಲ್ಲಿ ಉಳಿಯೋದು ಒಂದು ಹಳೇ ಜರ್ಸಿ. ಬಾಡಿಗೆ ಮನೆಯ ಗೋಡೆಗೆ ಬಣ್ಣ ಹೊಡೆದ ಹಾಗೆ ಇದು. ಬಾಡಿಗೆ ಮನೆಗಳ ಈ ಊರಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ.

ಕನ್ನಡದ ಪ್ರಶ್ನೆ

ಈಗ ಭಾಷೆಗೆ ಬರೋಣ. ತಪ್ಪಿಸಿಕೊಳ್ಳೋದು ಅಪ್ರಾಮಾಣಿಕತೆ.

ನಾಮಫಲಕದ 60:40 ನಿಯಮ, ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡೋ ಮಸೂದೆಯನ್ನು 2024ರ ಜುಲೈನಲ್ಲಿ ಸರ್ಕಾರ ತಂದು ತಡೆಹಿಡಿದದ್ದು, ಆಟೋದಲ್ಲಿ, ಬ್ಯಾಂಕಿನಲ್ಲಿ ನಡೆಯೋ ಜಗಳಗಳ ವಿಡಿಯೋಗಳು. ಈ ಊರಿನಲ್ಲಿ ಕನ್ನಡಿಗರಿಗೂ ವಲಸಿಗರಿಗೂ ಮುಖಾಮುಖಿ ಆಗೋ ಜಾಗಗಳೆಲ್ಲ ಕೌಂಟರ್‌ಗಳೇ. ಒಬ್ಬ ಸೇವೆ ಕೊಡೋನು, ಇನ್ನೊಬ್ಬ ಪಡೆಯೋನು. ಸಮಾನರಾಗಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲೋ ಜಾಗಗಳು ತೀರಾ ಕಡಿಮೆ. ಫುಟ್ಬಾಲ್ ಗ್ಯಾಲರಿ ಅಂಥದ್ದೊಂದು.

ಕನ್ನಡದಲ್ಲಿ ಕೂಗೋಕೆ ಶುರು ಮಾಡಿದವನಿಗೆ ಅದು ಪರೀಕ್ಷೆ ಅನ್ನಿಸಲ್ಲ. ಪಕ್ಕದವನು ಕೂಗ್ತಾನೆ, ಇವನೂ ಕೂಗ್ತಾನೆ, ಅರ್ಥ ಆಮೇಲೆ ಕೇಳ್ಕೋತಾನೆ. ಪಂದ್ಯ ಮುಗಿದ ಮೇಲೆ ಆಟಗಾರರು ಗ್ಯಾಲರಿ ಎದುರು ಬಂದು ನಿಂತು, ಅಭಿಮಾನಿಗಳ ಜೊತೆ ತಲೆ ಮೇಲೆ ಕೈಯೆತ್ತಿ ಚಪ್ಪಾಳೆ ತಟ್ಟೋ ಪದ್ಧತಿ ಇದೆಯಲ್ಲ, ಆ ಹೊತ್ತಿನಲ್ಲಿ ಕಲಿತ ಪದ ಮರೆಯೋದಿಲ್ಲ. ಆದರೆ ಇದು ತಾನಾಗೇ ಆಗಲಿ ಅಂತ ಬಿಡೋದು ಕ್ಲಬ್ಬಿನ ಸೋಮಾರಿತನ. ಸ್ಟೇಡಿಯಂ ಘೋಷಣೆ, ಸೋಷಿಯಲ್ ಮೀಡಿಯಾ, ಟಿಕೆಟ್, ಆಟಗಾರರ ಸಂದರ್ಶನ, ಎಲ್ಲದರಲ್ಲೂ ಕನ್ನಡ ಮೊದಲ ಭಾಷೆಯಾಗಿ ಇರಬೇಕು. ಅಲಂಕಾರಕ್ಕೆ ನವೆಂಬರ್ 1ರಂದು ಮಾತ್ರ ಅಲ್ಲ. ಮನೆಯವನೇ ತನ್ನ ಭಾಷೆಯಲ್ಲಿ ಮಾತಾಡದಿದ್ದರೆ ನೆಂಟ ಯಾಕೆ ಕಲೀತಾನೆ?

ಕನ್ನಡಪರ ಗೆಳೆಯರಿಗೂ ಒಂದು ಮಾತು. 'ಅದು ಹೊರಗಿನವರ ತಂಡ' ಅಂತ ಬಿಟ್ಟುಕೊಟ್ಟರೆ ಅದು ಹೊರಗಿನವರದ್ದೇ ಆಗಿ ಉಳಿಯುತ್ತೆ. ಗ್ಯಾಲರಿಗೆ ಯಾರು ಬರ್ತಾರೋ ಅವರ ಭಾಷೆ ಅಲ್ಲಿ ಕೇಳುತ್ತೆ.

ಮಾಡಬಹುದಾದ್ದು

ಮೊದಲು ಜಾಗ. ಕಂಠೀರವ ರಾಜ್ಯ ಸರ್ಕಾರದ್ದು, ಮತ್ತು ಅದು ಅಥ್ಲೀಟ್‌ಗಳ ಮನೆಯೂ ಹೌದು. ಟ್ರ್ಯಾಕ್ ಬಳಕೆಯ ವಿಚಾರವಾಗಿ ಅವರ ಮತ್ತು ಫುಟ್ಬಾಲಿನ ನಡುವಿನ ಜಗಳ ಹೈಕೋರ್ಟ್‌ವರೆಗೂ ಹೋಗಿತ್ತು. ಬೆಳಗ್ಗೆ ಐದಕ್ಕೆ ಎದ್ದು ಓಡೋ ಹುಡುಗಿಯನ್ನು ಹೊರಗಿಟ್ಟು ಕಟ್ಟೋ ಅಭಿಮಾನ ಬೇಡ. ಫುಟ್ಬಾಲಿಗೆ ಅಂತಲೇ ಹದಿನೈದು ಸಾವಿರ ಜನ ಕೂರೋ ಒಂದು ಸಾರ್ವಜನಿಕ ಮೈದಾನ ಇಷ್ಟು ದೊಡ್ಡ ನಗರಕ್ಕೆ ದೊಡ್ಡ ಬೇಡಿಕೆ ಏನಲ್ಲ. ಸುರಂಗ ರಸ್ತೆಯ ಲೆಕ್ಕದ ಮುಂದೆ ಅದು ಚಿಲ್ಲರೆ.

ಎರಡನೆಯದು ಹಳೇ ಕೇರಿಗಳು. ಆಸ್ಟಿನ್ ಟೌನ್, ಗೌತಮಪುರದ ಮಕ್ಕಳಿಗೆ ಈ ಕ್ಲಬ್ ಪರದೆಯಲ್ಲಿ ಕಾಣೋ ವಸ್ತು ಆಗಿ ಉಳಿಯಬಾರದು. ಕ್ಲಬ್ಬಿನ ಯುವ ತಂಡ ಮತ್ತು ಜಿಲ್ಲಾ ಲೀಗ್ ಪಂದ್ಯಗಳನ್ನು ಅಶೋಕನಗರದ ಹಳೇ ಮೈದಾನದಲ್ಲಿ ಭಾನುವಾರ ಸಂಜೆ ಇಟ್ಟು, ಸೀಸನ್ ಟಿಕೆಟ್ ಇರೋರನ್ನು ಅಲ್ಲಿಗೆ ಕರೆಯಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಕಂಠೀರವದಲ್ಲಿ 1-0 ಗೆಲುವಿನ ಗೋಲು ಹೊಡೆದದ್ದು ಇದೇ ಊರಿನ ಹದಿಹರೆಯದ ಹುಡುಗ ವಿನೀತ್ ವೆಂಕಟೇಶ್. ಅಂಥ ಒಬ್ಬ ಹುಡುಗ ಒಂದು ಬಡಾವಣೆಗೆ ಕೊಡೋ ಕಾರಣವನ್ನು ಹತ್ತು ಹೋರ್ಡಿಂಗ್ ಕೊಡಲಾರವು.

ಮೂರನೆಯದು, ವಲಸಿಗ ಅಂದರೆ ಟೆಕ್ಕಿ ಮಾತ್ರ ಅಲ್ಲ. ಅಸ್ಸಾಂನ ಸೆಕ್ಯೂರಿಟಿ ಗಾರ್ಡ್, ಜಾರ್ಖಂಡ್‌ನ ಹೋಟೆಲ್ ಹುಡುಗ, ಫುಟ್ಬಾಲ್ ಉಸಿರಾಡೋ ಊರುಗಳಿಂದ ಬಂದು ಇಲ್ಲಿ ದಿನಕ್ಕೆ 12 ಗಂಟೆ ದುಡಿಯೋರು. ವಾರದ ದಿನ ರಾತ್ರಿ ಏಳೂವರೆಯ ಪಂದ್ಯ ಮತ್ತು ಆ್ಯಪ್‌ನಲ್ಲಿ ಮಾತ್ರ ಸಿಗೋ ಟಿಕೆಟ್ ಅವರನ್ನು ಗೇಟಿನ ಆಚೆಗೇ ನಿಲ್ಲಿಸುತ್ತೆ. ಕೌಂಟರ್‌ನಲ್ಲಿ ನಗದಿಗೆ ಸಿಗೋ ಅಗ್ಗದ ಟಿಕೆಟ್, ಸರ್ಕಾರಿ ಶಾಲೆಗಳಿಗೆ, ಪೌರಕಾರ್ಮಿಕರ ಮಕ್ಕಳಿಗೆ ಕಾಯಂ ಒಂದು ಬ್ಲಾಕ್. ಇದನ್ನು ದಾನ ಅಂತ ನೋಡೋದು ಬೇಡ, ಮುಂದಿನ ಇಪ್ಪತ್ತು ವರ್ಷದ ಗ್ಯಾಲರಿಗೆ ಹಾಕೋ ಬೀಜ ಅದು.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ಅಭಿಮಾನಿಗೆ ಹಕ್ಕು. ಜರ್ಮನಿಯಲ್ಲಿ ಕ್ಲಬ್ಬಿನ ಬಹುಮತದ ಮತಗಳು ಸದಸ್ಯರ ಕೈಯಲ್ಲೇ ಇರಬೇಕು ಅನ್ನೋ 50+1 ನಿಯಮ ಇದೆ. ಅದನ್ನು ನಾಳೆಯೇ ಇಲ್ಲಿ ತರೋದು ಕನಸು. ಆದರೆ ಸರ್ಕಾರಿ ಕ್ರೀಡಾಂಗಣವನ್ನು ಕೊಡುವಾಗ ಷರತ್ತು ಹಾಕೋದು ಕನಸಲ್ಲ. ಕ್ಲಬ್ಬಿನ ಸಲಹಾ ಮಂಡಳಿಯಲ್ಲಿ ಚುನಾಯಿತ ಅಭಿಮಾನಿ ಪ್ರತಿನಿಧಿ ಇರಬೇಕು, ಊರು, ಹೆಸರು, ಬಣ್ಣ ಬದಲಿಸೋ ಮೊದಲು ಅಭಿಮಾನಿಗಳ ಒಪ್ಪಿಗೆ ಪಡೆಯಬೇಕು, ಕ್ಲಬ್ ಮುಚ್ಚೋ ಪರಿಸ್ಥಿತಿ ಬಂದರೆ ಮೊದಲ ಅವಕಾಶ ಅಭಿಮಾನಿ ಸಂಘಕ್ಕೆ ಸಿಗಬೇಕು. ಸಾರ್ವಜನಿಕ ಆಸ್ತಿ ಬಳಸೋ ಖಾಸಗಿ ಕ್ಲಬ್ಬಿಗೆ ಇಷ್ಟು ಕೇಳೋದು ಜಾಸ್ತಿ ಆಯಿತಾ?

ಇದರಲ್ಲಿ ಅರ್ಧ ಕೆಲಸ ಸರ್ಕಾರ ಮತ್ತು ಕ್ಲಬ್ಬಿನದ್ದು. ಇನ್ನರ್ಧ ನಮ್ಮದು. ಕೇಳೋರು ಇಲ್ಲದಿದ್ದರೆ ಯಾರೂ ಕೊಡಲ್ಲ, ಖಾಲಿ ಗ್ಯಾಲರಿಯ ಪರವಾಗಿ ಕೇಳೋಕೂ ಆಗಲ್ಲ. ನಿಮ್ಮ ರೂಮ್‌ಮೇಟ್ ಬಿಹಾರದವನೋ ಬೀದರ್‌ನವನೋ, ಮುಂದಿನ ಪಂದ್ಯಕ್ಕೆ ಕರೆದುಕೊಂಡು ಹೋಗಿ. ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಮೊದಲ ಸಲ ಬೋರ್ ಆದರೂ ಪರವಾಗಿಲ್ಲ, ಮೂರನೇ ಸಲದವರೆಗೆ ತಡೆದುಕೊಳ್ಳೋಕೆ ಹೇಳಿ.